ಸೊನ್ನೆ ಬರೆದ ಹೊಂಡ

ಚೌಕಟ್ಟಿನಕ್ಕ ಕಣ್ಣು ಮುಚ್ಚಿಕೊಂಡು, ಜಾಗಕ್ಕೆ ಬೆನ್ನು ಮಾಡಿ ನಿಂತು, ಮರದ ಚೌಕಟ್ಟನ್ನು ಹೆಗಲ ಮೇಲಿಂದ ಹಿಂದಕ್ಕೆ ಎಸೆಯುತ್ತಿದ್ದಳು. ಅದು ಎಲ್ಲಿ ಬಿತ್ತೋ ಅಲ್ಲಿಗೆ ಹೋಗಿ ಮಂಡಿಯೂರಿ, ಆ ಒಂದು ಗಜದ ಚೌಕದೊಳಗೆ ಏನೇನಿದೆ ಎಂದು ಎಣಿಸುತ್ತಿದ್ದಳು. ಎಷ್ಟು ಬಗೆಯ ಹುಲ್ಲು, ಎಷ್ಟು ಇರುವೆಗೂಡು, ಕಲ್ಲು ಎತ್ತಿದರೆ ಎಷ್ಟು ಹುಳ. ಕಣ್ಣು ಬಿಟ್ಟುಕೊಂಡು ಎಸೆದರೆ ಮನಸ್ಸು ಕೈಯನ್ನು ಹಸಿರಿರುವ ಕಡೆಗೇ ಎಳೆಯುತ್ತದೆ, ಅದು ಮೋಸ ಎಂಬುದು ಅವಳ ವಾದ. ಒಮ್ಮೆ ಹೀಗೆ ಎಸೆದದ್ದು ಒಬ್ಬ ಗುತ್ತಿಗೆದಾರನ ಹೊಸ ಕಾರಿನ ಮೇಲೆ ಬಿತ್ತು. ಅಕ್ಕ ಮುಖದ ಒಂದು ಗೆರೆಯನ್ನೂ ಬದಲಿಸದೆ ಬಾನೆಟ್ಟಿನ ಮೇಲೆ ಬಗ್ಗಿ ನೋಡಿ, 'ಸತ್ತ ಚಿಟ್ಟೆ ಒಂದು, ಬದುಕಿದ್ದು ಏನೂ ಇಲ್ಲ' ಎಂದು ಬರೆದುಕೊಂಡಳು. ಆ ಮನುಷ್ಯ ನಮ್ಮ ಕಚೇರಿಗೆ ಬಂದು ಅರ್ಧ ಗಂಟೆ ಕೂಗಾಡಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

ನಾನು ಅದೇ ಕಚೇರಿಯ ಕಡತ ವಿಭಾಗದವನು. ಹತ್ತೊಂಬತ್ತು ವರ್ಷ ಅವಳ ಎದುರು ಮೇಜಿನಲ್ಲಿ ಕೂತವನು. ಅವಳು ಬರೆದು ತಂದ ಹಾಳೆಗಳಿಗೆ ತೂತು ಕೊರೆದು, ದಾರ ಕಟ್ಟಿ, ನಂಬರು ಹಾಕಿ ಕಪಾಟಿಗೆ ತಳ್ಳುವುದು ನನ್ನ ಕೆಲಸ. ಅದಕ್ಕೇ ಅವಳು ನನ್ನನ್ನು 'ಕಡತ' ಎಂದೇ ಕರೆಯುತ್ತಿದ್ದಳು. ಮೊದಲೇ ಹೇಳಿಬಿಡುತ್ತೇನೆ, ಹುಲ್ಲು ಹುಳಗಳ ಮೇಲೆ ನನಗೇನೂ ವಿಶೇಷ ಪ್ರೀತಿಯಿಲ್ಲ. ಹುಲ್ಲು ಕಂಡರೆ ಕೂರುತ್ತೇನೆ, ಹುಳ ಕಂಡರೆ ಏಳುತ್ತೇನೆ, ಅಷ್ಟೇ. ಅಕ್ಕನ ಕಥೆ ಹೇಳಲು ನನಗಿಂತ ಯೋಗ್ಯರು ಎಷ್ಟೋ ಜನ ಇರಬಹುದು. ಆದರೆ ಆ ದಿನ ನಗಾಡಿದವನು ನಾನು, ಹಾಗಾಗಿ ನಾನೇ ಹೇಳಬೇಕು.

ಅವಳ ಕೆಲಸ ಹುಟ್ಟಿದ್ದು ಒಂದು ನಿಯಮದಿಂದ. ನಮ್ಮ ಊರಲ್ಲಿ ಯಾರೇ ಹೊಸದಾಗಿ ಕಟ್ಟಡ ಕಟ್ಟಲಿ, ಅವರು ಬಂದಾಗ ಆ ನೆಲದಲ್ಲಿ ಎಷ್ಟು ಜೀವ ಇತ್ತೋ, ಕಟ್ಟಿ ಮುಗಿಸಿದ ಮೇಲೆ ಅದಕ್ಕಿಂತ ಹತ್ತರಲ್ಲೊಂದು ಪಾಲಾದರೂ ಹೆಚ್ಚು ಇರಬೇಕು. ಅಗೆಯುವ ಮೊದಲು ಒಂದು ಎಣಿಕೆ. ಹತ್ತು ವರ್ಷ ಬಿಟ್ಟು ಇನ್ನೊಂದು ಎಣಿಕೆ. ಮೊದಲು ಇದ್ದ ಪ್ರಾಣಿಯೋ ಗಿಡವೋ ಒಂದೇ ಒಂದು ಬಗೆ ಕಳೆದುಹೋಗಿದ್ದರೂ ಸರಿ, ಬೇರೆ ಏನು ನೆಟ್ಟು ಬೆಳೆಸಿದ್ದರೂ ಲೆಕ್ಕಕ್ಕಿಲ್ಲ, ಮತ್ತೆ ಮಾಡಬೇಕು. ನಿಯಮ ಬಂದಾಗ ಎಲ್ಲರೂ ಮೂಗು ಮುರಿದರು. ಶಾಲೆಯೊಂದರ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದ ಅಕ್ಕ ಮಾತ್ರ ಅರ್ಜಿ ಹಾಕಿ, ಪರೀಕ್ಷೆ ಬರೆದು, ನಮ್ಮಲ್ಲಿಗೆ ಬಂದಳು.

ಅವಳದು ಒಂದೇ ಹಟ. ಕಣ್ಣಿಂದ ಕಂಡದ್ದನ್ನು ಮಾತ್ರ ಬರೆಯುವುದು. ಹಾಳೆಯ ಕೊನೆಯಲ್ಲಿ 'ಇತರರು ಕಂಡದ್ದು' ಎಂದು ಒಂದು ಅಂಕಣ ಇತ್ತು. ಅಕ್ಕ ಬಂದ ಹೊಸತರಲ್ಲಿ ಅದನ್ನೂ ತುಂಬುತ್ತಿದ್ದಳು. ಆದರೆ ಜನ ಕೇಳಬೇಕಲ್ಲ! ಪಕ್ಕದ ಮನೆ ಎದ್ದರೆ ತಮ್ಮ ಕಿಟಕಿಗೆ ಬಿಸಿಲು ಬರುವುದಿಲ್ಲ ಎಂದು ಒಬ್ಬರು ಖಾಲಿ ನಿವೇಶನದಲ್ಲಿ ಮುಂಗುಸಿ ಸಂಸಾರ ಇದೆ ಎಂದರು, ಇನ್ನೊಬ್ಬರು ಹೆಬ್ಬಾವು ಎಂದರು, ನಿವೃತ್ತ ಮೇಷ್ಟರೊಬ್ಬರು ಆಣೆ ಮಾಡಿ ಹುಲಿಯ ಹೆಜ್ಜೆ ಎಂದರು. ಸಿಮೆಂಟು ಗೋದಾಮಿನ ಹಿಂದೆ ಹುಲಿ! ಅಂದಿನಿಂದ ಅಕ್ಕ ಆ ಅಂಕಣದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದುಬಿಡುತ್ತಿದ್ದಳು. ನೂರಾರು ಹಾಳೆಗಳಲ್ಲಿ ನಾನು ಆ ಗೆರೆ ನೋಡಿದ್ದೇನೆ.

ಅವಳ ಗಂಡ ಮಣ್ಣು ಅಗೆಯುವ ಯಂತ್ರದ ಚಾಲಕ. ಅವಳು ನನಗೆ ಅಕ್ಕ ಆದ್ದರಿಂದ ಅವರು ನನಗೆ ಭಾವ. ಎತ್ತರದ ಆಳು, ದಪ್ಪ ಮೀಸೆ, ತಲೆಯ ಮೇಲೆ ಯಾವಾಗಲೂ ಹಳದಿ ಹೆಲ್ಮೆಟ್ಟು. ಊಟಕ್ಕೆ ಕೂತಾಗಲೂ ಅದನ್ನು ತೆಗೆಯಲು ಅಕ್ಕ ನೆನಪಿಸಬೇಕು. ಅವಳು ಎಣಿಸಿದ ಜಾಗಕ್ಕೇ ಎಷ್ಟೋ ಸಲ ಇವರ ಯಂತ್ರ ಹೋಗುತ್ತಿತ್ತು. "ನೀನು ಬರೀತಾ ಹೋಗು, ನಾನು ಅಳಿಸ್ತಾ ಬರ್ತೀನಿ. ಒಳ್ಳೆ ಜೋಡಿ ನಮ್ದು" ಎಂದು ಭಾವ ರೇಗಿಸುವುದು, "ಅಳ್ಸೋಕೆ ಮುಂಚೆ ಒಂದ್ಸಲ ಬಗ್ಗಿ ನೋಡ್ರೀ, ಕಣ್ಣಿಗೇನು ಬಾಡಿಗೆ ಕೊಡ್ಬೇಕಾ?" ಎಂದು ಅಕ್ಕ ತಿರುಗೇಟು ಕೊಡುವುದು ದಿನದ ಮಾತು. ಅವರು ನಿಜಕ್ಕೂ ಬಗ್ಗಿ ನೋಡುತ್ತಿದ್ದರು. ಸಂಜೆ ಮನೆಯ ಮೆಟ್ಟಿಲ ಮೇಲೆ ಇಬ್ಬರೂ ಚಹಾ ಕುಡಿಯುವಾಗ, ಇವತ್ತು ಬಕೆಟ್ಟಿನಲ್ಲಿ ಏನು ಬಂತು ಎಂದು ವರದಿ ಒಪ್ಪಿಸುತ್ತಿದ್ದರು. ಎರೆಹುಳದ ಗಂಟು, ಗೆದ್ದಲಿನ ರಾಣಿ, ಹಾವಿನ ಪೊರೆ. ಮಕ್ಕಳಿಲ್ಲದ ಮನೆ. ಆದರೆ ಆ ಮೆಟ್ಟಿಲ ಮೇಲೆ ಮಾತಿಗೆ ಬರ ಬಂದದ್ದನ್ನು ನಾನು ಆಗೆಲ್ಲ ಕಂಡಿರಲಿಲ್ಲ.

ಆ ಚೌಕಟ್ಟನ್ನು ಮಾಡಿಕೊಟ್ಟವರೂ ಭಾವನೇ. ಯಂತ್ರದ ಬಿಡಿಭಾಗ ಬಂದಿದ್ದ ಪೆಟ್ಟಿಗೆಯ ಹಲಗೆಯಿಂದ. ಬಡಗಿ ಕೆಲಸ ಅವರಿಗೆ ಬರುತ್ತಿರಲಿಲ್ಲ, ಒಂದು ಬದಿ ಅರ್ಧ ಬೆರಳು ಗಿಡ್ಡ. ಹೊಸದು ಮಾಡಿಸಿಕೋ ಎಂದು ಕಚೇರಿ ಹೇಳಿದರೂ ಅಕ್ಕ ಕೇಳಲಿಲ್ಲ. ಪ್ರತಿ ಎಣಿಕೆಯಲ್ಲೂ ಆ ಅರ್ಧ ಬೆರಳನ್ನು ಸರಿದೂಗಿಸಿ ಬರೆಯುತ್ತಿದ್ದಳು. ಸರಿದೂಗಿಸುವಾಗ ಒಂದು ಸಣ್ಣ ನಗು ಬರುತ್ತಿತ್ತು. ನನ್ನ ಹೆಂಡತಿ ನನ್ನ ಎಡವಟ್ಟುಗಳಿಗೆ ಹಾಗೆ ನಕ್ಕಿದ್ದು ನನಗೆ ನೆನಪಿಲ್ಲ.

ಅವರಿಬ್ಬರೂ ಭೇಟಿಯಾದದ್ದು ಹಳೇ ಇಟ್ಟಿಗೆ ಭಟ್ಟಿಯಲ್ಲಿ. ಅಕ್ಕ ಹುಟ್ಟಿ ಬೆಳೆದದ್ದು ಭಟ್ಟಿಯ ಕೂಲಿಗಳ ಸಾಲುಮನೆಯಲ್ಲಿ. ಅವಳ ಅಪ್ಪ ಇಟ್ಟಿಗೆಗೆ ಮಣ್ಣು ತುಳಿಯುತ್ತಿದ್ದವರು. ಮಣ್ಣು ತೆಗೆದು ತೆಗೆದು ಮನೆಗಳ ಹಿಂದೆ ದೊಡ್ಡ ಹೊಂಡವಾಗಿತ್ತು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಒಣಗಿ ಬಿದ್ದಿರುವ ಆ ಹೊಂಡದಿಂದ ಮೊದಲ ಮಳೆಯ ಸಂಜೆ ಕಪ್ಪೆಗಳು ಏಳುತ್ತಿದ್ದವು. ವರ್ಷಪೂರ್ತಿ ಜೇಡಿಮಣ್ಣಿನ ಆಳದಲ್ಲಿ ನಿದ್ದೆ ಮಾಡಿ, ನಾಲ್ಕಾರು ದಿನಕ್ಕೆಂದು ಮೇಲೆ ಬರುವ ಜಾತಿ. ಯಾರೋ ಒಳಗಿನಿಂದ ಖಾಲಿ ಡಬ್ಬ ತಟ್ಟಿದ ಹಾಗೆ ಕೂಗು. ಊಟಕ್ಕೆ ಕರೆಯಲು ಅವಳ ಅಮ್ಮ ಗಂಟಲು ಹರಿದುಕೊಳ್ಳಬೇಕಿತ್ತಂತೆ. ಭಟ್ಟಿ ಮುಚ್ಚಿದ ವರ್ಷ ಅದರ ಚಿಮಣಿ ಕೆಡವಲು ಯಂತ್ರ ತಂದವರು ಭಾವ. ಮಳೆ ಹಿಡಿಯಿತು, ತಗಡಿನ ಮಾಡಿನ ಕೆಳಗೆ ಇಬ್ಬರೂ ನಿಂತರು. ಇದೇನು ಸದ್ದು ಎಂದು ಅವರು ಕೇಳಿದರು, ಅವಳು ಹೇಳಿದಳು. ಭಾವ ಎರಡು ಅಂಗೈಗಳನ್ನು ಮುಷ್ಟಿ ಮಾಡಿ ಹೆಬ್ಬೆರಳ ಸಂದಿಯಲ್ಲಿ ಊದಿದರು. ಹೊಂಡದಿಂದ ಒಂದು ಕಪ್ಪೆ ಉತ್ತರ ಕೊಟ್ಟಿತು.

"ಕಪ್ಪೇನೇ ಒಪ್ಕೊಂಡ್ಮೇಲೆ ಇವಳದ್ದೇನು?" ಎನ್ನುವುದು ಭಾವನ ಜೀವಮಾನದ ಹಾಸ್ಯ. ಹೋದಲ್ಲಿ ಬಂದಲ್ಲಿ, ಮದುವೆ ಮನೆಯಲ್ಲಿ, ಆಸ್ಪತ್ರೆಯ ಸರದಿಯಲ್ಲಿ, ಮುಷ್ಟಿ ಊದಿ ತೋರಿಸಿಯೇ ಸಿದ್ಧ. ಅಕ್ಕ ನಾಚಿ ಅವರ ತೋಳಿಗೆ ಒಂದು ಬಡಿಯುತ್ತಿದ್ದಳು.

ಮದುವೆಯಾದ ಮೇಲೆ ಅವರು ಊರಿನ ಇನ್ನೊಂದು ತುದಿಗೆ ಮನೆ ಮಾಡಿದರು. ಸಾಲುಮನೆಗಳು ಬಿದ್ದವು. ಹೊಂಡ ಮಾತ್ರ ಇತ್ತು. ಹತ್ತು ವರ್ಷದ ಹಿಂದೆ ಅದೇ ಜಾಗದಲ್ಲಿ ಎಂಟು ಅಂತಸ್ತಿನ ವಸತಿ ಸಮುಚ್ಚಯಕ್ಕೆ ಅರ್ಜಿ ಬಂತು. ಮೊದಲ ಎಣಿಕೆ ಅಕ್ಕನ ಪಾಲಿಗೆ. ನಡು ಬೇಸಿಗೆ, ಮಣ್ಣು ಕಾದ ಹೆಂಚು. ಅವಳು ನಮ್ಮ ಸಾಹೇಬರ ಮುಂದೆ ನಿಂತು ಕೇಳಿದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದೆ.

"ಒಂದ್ ತಿಂಗ್ಳು ತಡೀರಿ ಸಾರ್. ಒಂದು ಮಳೆ ಆಗ್ಲಿ."

"ಮಳೆಗೆ ಕಾಯ್ಬೇಕು ಅಂತ ನಿಯಮದಲ್ಲಿ ಎಲ್ಲಿದೆ, ತೋರ್ಸಿ."

ಇರಲಿಲ್ಲ. ನಿಯಮದಲ್ಲಿ ಇಲ್ಲದ್ದನ್ನು ಇದೆ ಎನ್ನುವವಳಲ್ಲ ಅವಳು. ಹೋದಳು. ಮೂರು ಸಲ ಎಸೆದಳು, ಮೂರು ಸಲವೂ ಚೌಕಟ್ಟು ಹೊಂಡದೊಳಗೇ ಬಿತ್ತು. ಬಿರುಕು ಬಿಟ್ಟ ಜೇಡಿ, ಒಂದು ಬಾಟಲಿಯ ಮುಚ್ಚಳ. ಕಪ್ಪೆಗಳು ಇನ್ನೂ ಇವೆಯೋ ಎಂದೋ ಸತ್ತುಹೋದವೋ ಅವಳಿಗೂ ಗೊತ್ತಿರಲಿಲ್ಲ. ಹದಿನಾರು ವರ್ಷದಿಂದ ಅಲ್ಲಿಯ ಮೊದಲ ಮಳೆಗೆ ಅವಳು ಹೋಗಿರಲಿಲ್ಲ. ಕಚೇರಿಗೆ ಬಂದು ಹಾಳೆಯ ಮುಂದೆ ಪೆನ್ನು ಹಿಡಿದು ಕೂತವಳು ಏಳಲೇ ಇಲ್ಲ. ನನಗೋ ಕಪಾಟು ಮುಚ್ಚಿ ಮನೆಗೆ ಹೋಗುವ ಆತುರ.

"ಏನಕ್ಕಾ, ಸೊನ್ನೆ ಬರಿಯೋಕೂ ಇಷ್ಟು ಹೊತ್ತಾ?" ಎಂದೆ.

ಅವಳು ಹೊಂಡದ ಸಾಲಿನಲ್ಲಿ ಸೊನ್ನೆ ಬರೆದಳು. ಕೊನೆಯ ಅಂಕಣಕ್ಕೆ ಗೆರೆ ಎಳೆದಳು. ನಾನು ದಾರ ಕಟ್ಟಿದೆ.

ಎರಡು ವಾರ ಕಳೆದು, ಒಂದು ಮಧ್ಯಾಹ್ನ, ನಾನು ಮೇಜಿನ ಮೇಲೆ ಕಾಗದ ಹಾಸಿ ಬ್ರೆಡ್ಡು ತಿನ್ನುತ್ತಿದ್ದೆ. ಕೌಂಟರಿನ ಬಳಿ ಇಬ್ಬರು ಗುತ್ತಿಗೆದಾರರು, ಒಬ್ಬ ನಕ್ಷೆ ಬಿಡಿಸುವವನು. ಭಾವ ಒಳಗೆ ಬಂದರು. ಬೂಟಿನ ತುಂಬ ಜೇಡಿ, ತಲೆಯ ಮೇಲೆ ಹೆಲ್ಮೆಟ್ಟಿಲ್ಲ. ಅದನ್ನು ಬೋಗುಣಿಯ ಹಾಗೆ ಎರಡು ಕೈಯಲ್ಲೂ ಹಿಡಿದುಕೊಂಡಿದ್ದರು. ಅಂದು ಹೊಂಡ ಅಗೆಯುವ ಕೆಲಸ ಅವರ ಯಂತ್ರದ್ದೇ. ಅರ್ಧಕ್ಕೆ ನಿಲ್ಲಿಸಿ, ಅಷ್ಟು ದೂರ ನಡೆದೇ ಬಂದಿದ್ದರು. ಮುಖದ ತುಂಬ ಸಂಭ್ರಮ. ಹೆಲ್ಮೆಟ್ಟನ್ನು ಅಕ್ಕನ ಮೇಜಿನ ಮೇಲೆ ಇಟ್ಟರು.

"ನೋಡು ಬಾ. ಇನ್ನೂ ಇದಾವೆ ಕಣೇ!"

ನಾನೂ ಕತ್ತು ಚಾಚಿದೆ. ಒಡೆದ ಮಣ್ಣುಂಡೆ, ಅದರೊಳಗೆ ನಿಂಬೆಹಣ್ಣಿನ ಗಾತ್ರದ ಒಂದು ಕಪ್ಪೆ. ಮೈಗೆ ತೆಳ್ಳಗಿನ ಪೊರೆ ಸುತ್ತಿಕೊಂಡು, ಕಣ್ಣು ಅರ್ಧ ಮುಚ್ಚಿಕೊಂಡು ಕೂತಿತ್ತು.

ಅಕ್ಕ ಅದನ್ನು ನೋಡಿದಳು. ಕೌಂಟರಿನ ಬಳಿ ಇದ್ದವರನ್ನು ನೋಡಿದಳು. ಸಾಹೇಬರೂ ಬಾಗಿಲಿಗೆ ಬಂದು ನಿಂತಿದ್ದರು. ಅವಳ ಮುಖ ಬಿಗಿಯಾಯಿತು.

"ಎಲ್ಲಿಂದ ತಂದ್ರಿ?"

"ಎಲ್ಲಿಂದ ಅಂದ್ರೆ? ನಮ್ಮ ಹೊಂಡದಿಂದ. ಎರಡಾಳು ಆಳದಲ್ಲಿ ಬಕೆಟ್ಟಿಗೆ ಬಂತು."

"ಎಣಿಕೆ ಮುಗ್ದಿದೆ. ಸಹಿ ಆಗಿದೆ. ಅಲ್ಲಿ ಏನೂ ಇರ್ಲಿಲ್ಲ, ನಾನೇ ನೋಡಿದೀನಿ."

"ನೀನು ನೋಡಿದ್ದು ಮೇಲೆ. ಇದು ಒಳಗಿತ್ತು."

"ಹಾಗಂತ ಎಲ್ರೂ ಹೇಳ್ತಾರೆ. ಎಲ್ಲಿಂದಾದ್ರೂ ಹಿಡ್ಕೊಂಡ್ ಬಂದು ಇಲ್ಲೇ ಇತ್ತು ಅನ್ನೋದು ಯಾರಿಗ್ ಬರಲ್ಲ?"

ಕಚೇರಿ ಗಪ್‌ಚಿಪ್. ಭಾವ ಅವಳ ಮುಖವನ್ನೇ ನೋಡಿದರು. "ನಾನೂ ಎಲ್ರ ಹಾಗೇನಾ?" ಎಂದು ಮೆಲ್ಲಗೆ ಕೇಳಿದರು.

ಅಕ್ಕ ಮೇಜಿನ ಮೇಲಿನ ಹಾಳೆಗಳನ್ನು ಜೋಡಿಸತೊಡಗಿದಳು. ನಡುವೆ ಬಾಯಿ ಹಾಕಲು ನನಗೆ ಬುದ್ಧಿ ಎಲ್ಲಿಂದ ಬಂತೋ! "ಭಾವಾ, ಮುಂದಿನ್ ಸಲ ಆ ಮೇಷ್ಟ್ರ ಹುಲೀನೂ ಹೆಲ್ಮೆಟ್ಟಲ್ಲಿ ತನ್ನಿ" ಎಂದೆ. ಎಲ್ಲರೂ ಗೊಳ್ಳೆಂದು ನಕ್ಕರು. ಭಾವ ಹೆಲ್ಮೆಟ್ಟು ಎತ್ತಿಕೊಂಡು ಹೊರಗೆ ಹೋದರು. ಹಿತ್ತಲಿನ ನಲ್ಲಿಯ ಚರಂಡಿಯ ಬಳಿ, ಒದ್ದೆ ಇರುವ ಕಡೆ, ಅದನ್ನು ಮಣ್ಣುಂಡೆ ಸಮೇತ ಇಳಿಸಿ, ಮೇಲೆ ಒಂದು ಎಲೆ ಮುಚ್ಚಿ ಹೋದದ್ದನ್ನು ಕಿಟಕಿಯಿಂದ ಕಂಡೆ. ಎದುರು ಮೇಜಿನಿಂದ ಅಕ್ಕನೂ ಕಂಡಿರಬೇಕು. ಮರುದಿನ ಹೊಂಡ ಪೂರ್ತಿ ಹೋಯಿತು.

ಅವರ ಸಂಸಾರದಲ್ಲಿ ಜಗಳವಾಯಿತು ಎಂದು ನಾನು ಹೇಳಲಾರೆ. ಚಹಾ ಇತ್ತು, ಮೆಟ್ಟಿಲಿತ್ತು. ಆದರೆ ಬಕೆಟ್ಟಿನ ವರದಿ ನಿಂತುಹೋಯಿತು. ಅಕ್ಕ ಕೇಳಿದರೆ, "ಪೈಪು. ಕಲ್ಲು. ಇನ್ನೇನಿರತ್ತೆ" ಎನ್ನುತ್ತಿದ್ದರು. ಮುಷ್ಟಿ ಊದುವುದನ್ನು ಬಿಟ್ಟುಬಿಟ್ಟರು. ನನ್ನ ತಂಗಿಯ ಮದುವೆಯಲ್ಲಿ ಮಕ್ಕಳೆಲ್ಲ ಅವರನ್ನು ಮುತ್ತಿಕೊಂಡು, ಕಪ್ಪೆ ಮಾಮಾ ಕಪ್ಪೆ ಮಾಮಾ ಎಂದು ಪೀಡಿಸಿದರೂ, ಈಗ ಉಸಿರಿಲ್ಲ ಎಂದು ತಪ್ಪಿಸಿಕೊಂಡರು. ಅಕ್ಕ ಅಡುಗೆಯವರ ಕಡೆ ಮುಖ ತಿರುಗಿಸಿ ನಿಂತಿದ್ದಳು. ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಆದರೆ ಕಂಡದ್ದನ್ನು ಬರೆಯುವ ಅಭ್ಯಾಸವಿದ್ದವಳಿಗೆ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವ ಅಭ್ಯಾಸವಿರಲಿಲ್ಲ. ಸಮಯ ಇದೆಯಲ್ಲ ಎಂದುಕೊಂಡಿದ್ದಳೋ ಏನೋ.

ಸಮಯ ಇರಲಿಲ್ಲ. ಐದನೆಯ ವರ್ಷ ಭಾವ ಯಂತ್ರದ ಗೂಡಿನಲ್ಲಿ ಕೂತಲ್ಲೇ ಹೋಗಿಬಿಟ್ಟರು. ಎಂಜಿನ್ ಆಫ್ ಆಗಿದ್ದರಿಂದ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾರೆ ಎಂದು ಮೇಸ್ತ್ರಿ ಸಂಜೆಯವರೆಗೆ ಎಬ್ಬಿಸಲೇ ಇಲ್ಲ. ಊಟದ ಡಬ್ಬಿಯೂ ಹೆಲ್ಮೆಟ್ಟೂ ಒಂದು ಚೀಲದಲ್ಲಿ ಮನೆಗೆ ಬಂದವು.

ಹದಿನೈದು ದಿನಕ್ಕೆ ಅಕ್ಕ ಕೆಲಸಕ್ಕೆ ಬಂದಳು. ಮೊದಲಿನ ಹಾಗೇ ಎಸೆದಳು, ಎಣಿಸಿದಳು, ಅರ್ಧ ಬೆರಳು ಸರಿದೂಗಿಸಿದಳು. ಆ ಸಣ್ಣ ನಗು ಮಾತ್ರ ಇರಲಿಲ್ಲ. ಇನ್ನೊಂದು ಹೊಸ ಚಾಳಿ ಶುರುವಾಯಿತು. ಪ್ರತಿ ವರ್ಷ ಮೊದಲ ಮಳೆ ಹನಿಯುತ್ತಿದ್ದಂತೆ ಎದ್ದು ಬಂದು ನನ್ನ ಮೇಜಿನ ಪಕ್ಕದ ಕಿಟಕಿಯನ್ನು ಪೂರ್ತಿ ತೆರೆಯುವಳು. ಎರಚಲಿಗೆ ನನ್ನ ಕಡತಗಳೆಲ್ಲ ತೊಪ್ಪೆ. "ಅಕ್ಕಾ, ಸರ್ಕಾರಿ ಕಾಗದ ಇದು!" ಎಂದು ನಾನು ಬಡಿದುಕೊಂಡರೂ ಕೇಳಿಸದವಳಂತೆ ಹಿತ್ತಲಿನ ನಲ್ಲಿಯ ಕಡೆ ಕಿವಿಯಿಟ್ಟು ನಿಲ್ಲುವಳು. ಅಲ್ಲಿ ಏನೂ ಕೂಗುತ್ತಿರಲಿಲ್ಲ. ಭಟ್ಟಿಯ ಕಡೆಗೆ ಅವಳು ಕಾಲಿಡಲೇ ಇಲ್ಲ. ಆ ರಸ್ತೆಯಲ್ಲಿ ಹೋಗುವ ಬಸ್ಸು ಬಿಟ್ಟು, ಊರು ಸುತ್ತಿ ಬರುವ ಬಸ್ಸು ಹಿಡಿದು ಮನೆಗೆ ಹೋಗುತ್ತಿದ್ದಳು.

ಆದರೆ ಹತ್ತನೆಯ ವರ್ಷದ ಎಣಿಕೆ ಯಾರನ್ನು ಬಿಡುತ್ತದೆ? ನಿವೃತ್ತಿಗೆ ಒಂದು ತಿಂಗಳು ಇರುವಾಗ ಆ ಸಮುಚ್ಚಯದ ಸರದಿ ಬಂತು. "ನೀನೂ ಬಾ ಕಡತ" ಎಂದಳು. ಹತ್ತೊಂಬತ್ತು ವರ್ಷದಲ್ಲಿ ಅವಳು ನನ್ನನ್ನು ಹೊರಗಿನ ಕೆಲಸಕ್ಕೆ ಕರೆದದ್ದು ಅದೇ ಮೊದಲು. ನಾನು ದಫ್ತರ ಹೊತ್ತುಕೊಂಡು ಹೊರಟೆ.

ಹೊಂಡವಿದ್ದಲ್ಲಿ ಕಟ್ಟಡ. ಅದರ ಪಕ್ಕ ನಿಯಮಕ್ಕೆಂದು ಮಾಡಿದ ಕೊಳ. ಉರುಟಾದ ಕೊಳ, ಸುತ್ತ ಹೆಂಚಿನ ಕಟ್ಟೆ, ತಳಕ್ಕೆ ನೀರು ಇಂಗದಂತೆ ಕಪ್ಪು ಪ್ಲಾಸ್ಟಿಕ್ಕು. ಗೇಟಿನಲ್ಲಿ ಒಂದು ಫಲಕ: 'ಇಲ್ಲಿ ಜೀವವೈವಿಧ್ಯ ಅಪಾರವಾಗಿ ಹೆಚ್ಚಿದೆ.' ಪಕ್ಕದಲ್ಲಿ ಕೆಂಪು ಕಣ್ಣಿನ ಹಸಿರು ಕಪ್ಪೆಯ ಚಿತ್ರ. ಯಾವ ದೇಶದ್ದೋ ದೇವರೇ ಬಲ್ಲ. ಅಕ್ಕ ಫಲಕವನ್ನು ಎರಡು ಸಲ ಓದಿದಳು. ಆಮೇಲೆ ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ ಎಸೆದಳು. ಏಳು ಬಗೆಯ ಗಿಡ, ನಾಲ್ಕು ಬಗೆಯ ಏರೋಪ್ಲೇನ್ ಚಿಟ್ಟೆ, ನೀರಿನ ಮೇಲೆ ಓಡಾಡುವ ಹುಳ. ಸೊನ್ನೆಯ ಮುಂದೆ ಇಟ್ಟರೆ ಯಾವುದು ತಾನೆ ಕಡಿಮೆ? ಕಣ್ಣುಮುಚ್ಚಿ ಪಾಸು ಮಾಡಬಹುದಾದ ಕಡತ.

ಕಾವಲುಗಾರ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದ. ಬೋಳುತಲೆಯ, ಮಾತಿನ ಮನುಷ್ಯ. ಕಟ್ಟಡ ಏಳುವಾಗಿನಿಂದಲೂ ಅಲ್ಲೇ ಇದ್ದವನು.

"ನಿಮ್ಮ ಹಾಗೇ ಒಬ್ರು ಬರೋರು ಮೇಡಂ, ಈ ನೀರು ನೋಡೋಕೆ. ವರ್ಷಕ್ಕೊಂದೇ ಸಲ, ಮೊದ್ಲ ಮಳೆ ಬಂದ್ ಸಂಜೆ. ಒಳಗ್ ಬನ್ನಿ ಅಂದ್ರೂ ಬರ್ತಿರ್ಲಿಲ್ಲ. ಬೇಲಿ ಆಚೆನೇ ನಿಲ್ಲೋರು. ಹಳದಿ ಹೆಲ್ಮೆಟ್ಟು."

ಅಕ್ಕನ ಪೆನ್ಸಿಲು ನಿಂತಿತು. "ನಿಂತ್ಕೊಂಡು?"

"ಹೀಗೆ ಮುಷ್ಟಿ ಕಟ್ಟಿ ಊದೋರು. ಊದೋದು, ಕಿವಿ ಕೊಡೋದು. ಮತ್ತೆ ಊದೋದು. ನಾನು ಮೊದ್ಲು ತಲೆ ಕೆಟ್ಟಿದೆ ಅನ್ಕೊಂಡೆ."

"ಏನಾದ್ರೂ ಉತ್ತರ ಬರ್ತಿತ್ತಾ?"

"ಇಲ್ಲ ಮೇಡಂ, ಒಂದ್ಸಲಾನೂ ಇಲ್ಲ. ಯಾಕ್ ಸಾರ್ ಬರ್ತೀರಿ ಅಂತ ಕೇಳ್ದೆ. ಮನೇಲಿ ಒಬ್ಳು ಇದಾಳೆ, ಕಂಡಿದ್ದು ಕೇಳಿದ್ದು ಬಿಟ್ರೆ ಬೇರೆ ನಂಬೋಳಲ್ಲ, ಒಂದೇ ಒಂದು ಕೂಗಿದ್ರೂ ಸಾಕು, ಓಡೋಗಿ ಕರ್ಕೊಂಡ್ ಬರ್ತೀನಿ ಅಂದ್ರು. ನಾಲ್ಕು ಮಳೆಗೆ ಬಂದ್ರು. ಆಮೇಲೆ ಯಾಕೋ ಬರ್ಲಿಲ್ಲ."

ಅಕ್ಕ ಕುರ್ಚಿಯಲ್ಲಿ ಕೂರಲಿಲ್ಲ. ಕೊಳದ ಕಟ್ಟೆಯ ಮೇಲೆ ಕೂತಳು. ಗಂಡ ಹೋದ ಮೇಲೆ ಮಳೆಯ ದಿನ ಕಿಟಕಿ ತೆರೆದು ನಿಲ್ಲುವುದು ಅವಳಿಗೆ ಗೊತ್ತಿತ್ತು. ಅದಕ್ಕೂ ಮುಂಚಿನ ಆ ನಾಲ್ಕು ವರ್ಷ, ಮೊದಲ ಮಳೆಯ ಸಂಜೆ, ಅದೇ ಊರಿನ ಇನ್ನೊಂದು ಮೂಲೆಯಲ್ಲಿ, ಅವಳಿಗೋಸ್ಕರವೇ ಒಬ್ಬರು ನೆನೆಯುತ್ತ ನಿಂತಿದ್ದರು ಎಂದು ಗೊತ್ತಿರಲಿಲ್ಲ. ಒದ್ದೆಯಾಗಿ ಬಂದ ಗಂಡನಿಗೆ, ಕೊಡೆ ಒಯ್ಯಲು ಏನು ಕಷ್ಟ ಎಂದು ಬೈದು ಟವೆಲು ಕೊಟ್ಟಿದ್ದಳಂತೆ. ಇದನ್ನು ಅವಳು ಹೇಳಿದ್ದು ಬಹಳ ದಿನ ಕಳೆದ ಮೇಲೆ.

ಆಗ ಹೇಳಿದ್ದು ಬೇರೆ. ತಲೆಯೆತ್ತದೆ, "ಕಡತ, ಆ ದಿನ ನೀನೇನ್ ತಿಂತಿದ್ದೆ?" ಎಂದಳು.

ಯಾವ ದಿನ ಎಂದು ನಾನು ಕೇಳಲಿಲ್ಲ. "ಬ್ರೆಡ್ಡು."

"ನೋಡಿದ್ದೆ ತಾನೆ?"

"ನೋಡಿದ್ದೆ ಅಕ್ಕ."

"ಯಾವ ಬಣ್ಣ?"

"ಮಣ್ಣಿನ ಬಣ್ಣ. ಹೊಟ್ಟೆ ಹತ್ರ ಸ್ವಲ್ಪ ಹಳದಿ."

"ಬದುಕಿತ್ತಾ?"

"ಗಂಟ್ಲು ಬಡ್ಕೊಳ್ತಿತ್ತು."

ಅವಳು ತಲೆಯಾಡಿಸಿದಳು. "ನಾನು ಆ ಹುಲಿ ಮಾತಾಡಿ ನಗಿಸ್ಬಾರ್ದಿತ್ತು ಅಕ್ಕ" ಎಂದೆ. ನೀನಷ್ಟೇ ಅಲ್ಲ ಎನ್ನುವ ಹಾಗೆ ಅವಳು ಕೈ ಬೀಸಿದಳು.

ಮರುದಿನ ಅಕ್ಕ ಕಪಾಟಿನಿಂದ ಹತ್ತು ವರ್ಷದ ಹಿಂದಿನ ಹಾಳೆ ತೆಗೆಸಿದಳು. ವಿಷಯ ತಿಳಿದು ಸಾಹೇಬರು ಓಡಿ ಬಂದರು. ಅವರು ಕೆಟ್ಟವರಲ್ಲ, ತಲೆನೋವು ಬೇಡದವರು ಅಷ್ಟೇ.

"ಯಾವ ಕಾಲದ್ದೋ ಸೊನ್ನೆ. ಈಗ ಯಾರಿಗ್ ಬೇಕು ಮೇಡಂ? ತಿದ್ದಿದ್ರೆ ಆ ಕೊಳ ಒಡೆದು ಮತ್ತೆ ಮಾಡ್ಬೇಕು. ಅಲ್ಲಿರೋರೆಲ್ಲ ಬೀದಿಗಿಳೀತಾರೆ. ಹೋಗ್ಲಿ, ನಿಮ್ಮದೇ ಯೋಚ್ನೆ ಮಾಡಿ. ಒಂದು ಎಣಿಕೆ ತಪ್ಪು ಅಂತ ನೀವೇ ಬರ್ಕೊಟ್ರೆ, ಉಳಿದಿದ್ದೂ ತಪ್ಪು ಅಂತಾರೆ. ಇಷ್ಟು ವರ್ಷದ ಹೆಸ್ರು ಒಂದು ಕಪ್ಪೆಗೆ ಹಾಳ್ಮಾಡ್ಕೋತೀರಾ?"

"ಅನ್ನೋರು ಅನ್ಲಿ ಸಾರ್. ಎಲ್ಲಾನೂ ಮತ್ತೆ ಎಣಿಸ್ಲಿ."

"ಸಾಕ್ಷಿ ಏನಿದೆ?"

"ಅದಕ್ಕೊಂದು ಅಂಕಣ ಇದೆ" ಎಂದಳು ಅಕ್ಕ.

ಸೊನ್ನೆಯ ಮೇಲೆ ಅಡ್ಡಗೆರೆ ಎಳೆದು ಪಕ್ಕದಲ್ಲಿ 'ಒಂದು' ಎಂದು ಅಕ್ಷರದಲ್ಲಿ ಬರೆದಳು. ಆಮೇಲೆ ಕೊನೆಯ ಅಂಕಣ. ಅಲ್ಲಿ ಅವಳೇ ಎಳೆದಿದ್ದ ಗೆರೆಯ ಕೆಳಗೆ, ಇದ್ದಷ್ಟು ಜಾಗದಲ್ಲಿ, ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ನಾನು ಬಾಯಿಪಾಠ ಹೇಳಬಲ್ಲೆ: 'ಕಂಡವರು, ಯಂತ್ರದ ಚಾಲಕರು, ಎಣಿಕೆದಾರಳ ಗಂಡ. ಎರಡಾಳು ಆಳದಲ್ಲಿ ಜೀವಂತ ಕಪ್ಪೆ ಸಿಕ್ಕಿತು. ಹೆಲ್ಮೆಟ್ಟಿನಲ್ಲಿ ತಂದು ತೋರಿಸಿದರು. ಎಣಿಕೆದಾರಳು ನಂಬಲಿಲ್ಲ. ಅವರು ಹೇಳಿದ್ದು ನಿಜ.'

ಹಾಳೆಯನ್ನು ನನ್ನ ಕಡೆ ತಿರುಗಿಸಿದಳು. "ಇನ್ನೊಬ್ರು ಸಹಿ ಬೇಕು." ಹಾಕಿದೆ.

ಸಾಹೇಬರು ಹೇಳಿದ್ದೆಲ್ಲ ಆಯಿತು. ಸಮುಚ್ಚಯದವರು ಕಚೇರಿಗೆ ನುಗ್ಗಿದರು, ಅಕ್ಕನ ಹಳೆಯ ಹಾಳೆಗಳನ್ನು ಜಾಲಾಡಿದರು, ಬೀಳ್ಕೊಡುಗೆಗೆ ಅರ್ಧ ಕಚೇರಿ ಬರಲಿಲ್ಲ. ಬೇರೆ ಎಣಿಕೆದಾರರು ಅವಳ ಐವತ್ತು ಹಾಳೆಗಳನ್ನು ಪರೀಕ್ಷಿಸಿದರು. ಒಂದು ತಪ್ಪೂ ಸಿಗಲಿಲ್ಲ. ಆದರೆ ಅದನ್ನು ಯಾರೂ ಕೂಗಿ ಹೇಳಲಿಲ್ಲ. ಕೊನೆಗೆ ಕೊಳ ಒಡೆದರು. ಪ್ಲಾಸ್ಟಿಕ್ಕು ಕಿತ್ತರು. ಕಟ್ಟಡದ ಹಿಂಗೋಡೆಯ ಆಚೆ, ಯಾರೂ ಮುಟ್ಟದೆ ಉಳಿದಿದ್ದ ಭಟ್ಟಿಯ ಜೇಡಿಮಣ್ಣನ್ನು ತಂದು ಎರಡಾಳು ಆಳಕ್ಕೆ ತುಂಬಿದರು. ಅದರೊಳಗೆ ಏನಾದರೂ ಮಲಗಿದೆಯೇ ಎಂದು ಯಾರಿಗೂ ಗೊತ್ತಿಲ್ಲ. ಮೂರು ವರ್ಷ ಮೊದಲ ಮಳೆಗೆ ಹೋಗಿ ಕೇಳಿ ಬರೆಯಬೇಕು ಎಂದು ಆದೇಶವಾಯಿತು. ಅಕ್ಕನ ಜಾಗಕ್ಕೆ ಇನ್ನೂ ಯಾರನ್ನೂ ತೆಗೆದುಕೊಂಡಿರಲಿಲ್ಲವಾದ್ದರಿಂದ, ದಫ್ತರ ನನ್ನ ಕೊರಳಿಗೆ ಬಿತ್ತು.

ಈ ವರ್ಷ ಮೊದಲ ಮಳೆ ನಾಲ್ಕು ಗಂಟೆಗೆ ಬಂದು ಆರಕ್ಕೆ ನಿಂತಿತು. ನಾನು ಹೋಗುವಷ್ಟರಲ್ಲಿ ಅಕ್ಕ ಆಗಲೇ ಬೇಲಿಯ ಆಚೆ, ಭಾವ ನಿಲ್ಲುತ್ತಿದ್ದ ಜಾಗ ಯಾವುದೆಂದು ಕಾವಲುಗಾರನನ್ನು ಕೇಳಿ, ಅಲ್ಲೇ ನಿಂತಿದ್ದಳು. ತಲೆಯ ಮೇಲೆ ಹಳದಿ ಹೆಲ್ಮೆಟ್ಟು. ಕೊಡೆ ತಂದಿರಲಿಲ್ಲ. ಹೊಸ ಹೊಂಡದಲ್ಲಿ ಮಣ್ಣುಬಣ್ಣದ ನೀರು ನಿಂತಿತ್ತು. ಅವಳು ಮುಷ್ಟಿ ಕಟ್ಟಿ ಊದಿದಳು. ಬರೀ ಗಾಳಿ. ಇನ್ನೊಮ್ಮೆ ಊದಿದಳು, ಏನೋ ಪುಸ್ ಎಂದಿತು. ನನಗೆ ನಗು ತಡೆಯಲಾಗಲಿಲ್ಲ, ಅವಳಿಗೂ. ಹೆಬ್ಬೆರಳ ಸಂದಿ ಸರಿಮಾಡಿಕೊಂಡು ಏಳೆಂಟು ಸಲ ಪ್ರಯತ್ನಿಸಿದ ಮೇಲೆ ಖಾಲಿ ಡಬ್ಬ ತಟ್ಟಿದಂಥ ಆ ಸದ್ದು ನಿಜವಾಗಿ ಹೊರಟಿತು. ಭಾವನದೇ ಸದ್ದು. ನಗು ಅಲ್ಲಿಗೆ ನಿಂತಿತು.

ಊದಿದಳು, ಕಿವಿಗೊಟ್ಟಳು. ಮತ್ತೆ ಊದಿದಳು. ಮನೆಗಳ ಕಿಟಕಿಗಳಲ್ಲಿ ದೀಪ ಹತ್ತಿದವು, ಯಾರೋ ಮಗುವನ್ನು ಊಟಕ್ಕೆ ಕರೆದರು. ನೀರು ಸುಮ್ಮನೆ ಇತ್ತು.

"ಇತ್ತು ಕಣ್ರೀ" ಎಂದಳು ಅಕ್ಕ, ನೀರಿನ ಕಡೆ ನೋಡುತ್ತ. ನನಗಲ್ಲ. "ನೀವು ಹೇಳಿದ್ ಹಾಗೇ ಇತ್ತು."

ಪೂರ್ತಿ ಕತ್ತಲಾಗುವ ಮೊದಲು ಬರೆದುಬಿಡೋಣ ಎಂದು ನಾನು ದಫ್ತರ ತೆಗೆದೆ. ಮೊದಲ ವರ್ಷ, ಮೊದಲ ಮಳೆ, ಕೇಳಿಸಿದ್ದು. ಪೆನ್ನು ಊರಿ ಸೊನ್ನೆ ಸುತ್ತಲು ಹೊರಟೆ. ಅಕ್ಕ ನನ್ನ ಮಣಿಕಟ್ಟು ಹಿಡಿದಳು.

"ಸೊನ್ನೆ ಬರೀಬೇ‌ಡ ಕಡತ. ಖಾಲಿ ಬಿಡು."

ನಾನು ಖಾಲಿ ಬಿಟ್ಟೆ.